ಆ ಕಡೆಯ ಗದ್ದೆ

ಅಂಗಡಿಯ ಅಕ್ಕಿ ಚೀಲ ಬಿಚ್ಚಿದಾಗೆಲ್ಲ ಗಂಗಾವತಿಯ ನಮ್ಮ ಗದ್ದೆಯ ಕೀಟನಾಶಕದ ಗಬ್ಬು ನೆನಪಾಗುತ್ತದೆ.

ನನ್ನ ಬಾಲ್ಯದ ಒಂದು ಮಧ್ಯಾಹ್ನ ಕೃಷಿ ಇಲಾಖೆಯ ಸಾಹೇಬರೊಬ್ಬರು ಬದುವಿನ ಮೇಲೆ ನಿಂತು, "ಇನ್ನೂ ಹೆಚ್ಚು ಬೆಳೀರಿ, ಹೊರದೇಶದ ಕಾಳಿಗೆ ಕೈ ಒಡ್ಡಬಾರ್ದು" ಎಂದು ಉಪದೇಶಿಸಿದರು.

"ದೇಶಕ್ಕ ಅನ್ನ ಹಾಕೋರು ನಾವ ಅಲ್ರಿ" ಎಂದು ಅಪ್ಪ ಬೀಗಿದ.

ಅಷ್ಟರಲ್ಲಿ ನಾನು ತೆನೆಯ ಹಸಿ ಕಾಳು ಕಿತ್ತು ಬಾಯಿಗೆ ಹಾಕಿಕೊಂಡೆ. ನಾಲಿಗೆಗೆ ಕಹಿ ಅಂಟಿತು. ಅಜ್ಜಿ ಓಡಿ ಬಂದು ಬೆರಳು ತುರುಕಿ ಅದನ್ನು ತೆಗೆದು, ಸೆರಗಿನಿಂದ ನನ್ನ ನಾಲಿಗೆ ಉಜ್ಜಿದಳು.

"ಥೂ, ಉಗುಳ! ನಿನ್ನೆ ಹುಳದ ಎಣ್ಣಿ ಹೊಡದಾರ. ಇದು ಮಾರೋದು. ನಾವು ಉಣ್ಣೋದು ಆ ಕಡೆ ಗದ್ದೀದು, ಅದಕ್ಕ ಹೊಡಿಯಂಗಿಲ್ಲ."

ಸಾಹೇಬರು ಅಪ್ಪನ ಕಿವಿಯತ್ತ ಬಗ್ಗಿ ಮೆಲ್ಲಗೆ ಅಂದರು: "ಸುಗ್ಗಿ ಆದಮ್ಯಾಲೆ ನನಗೂ ಆ ಕಡೆ ಗದ್ದೀದ ಒಂದು ಚೀಲ ಇಡ್ರಿ."