ಪೂರ್ತಿ ಸಿಕ್ಕಿತು

ಮುನಿಯಲ್ಲಪ್ಪ ಮನೆಗೆ ಬೀಗ ಹಾಕುತ್ತಿದ್ದಾಗಲೇ ಗೇಟಿನ ಮುಂದೆ ಕಾರೊಂದು ಬಂದು ನಿಂತಿತು. ಬಿಳಿ ಪಂಚೆ, ಇಸ್ತ್ರಿಯ ಗೆರೆ ಮಾಸದ ಅಂಗಿ ತೊಟ್ಟ, ಅರವತ್ತು ದಾಟಿದ ಒಬ್ಬಾತ ಇಳಿದ. ಅವನ ಹಿಂದೆ ಹಣ್ಣಿನ ತಟ್ಟೆ, ಮಲ್ಲಿಗೆಯ ಪೊಟ್ಟಣ ಹಿಡಿದ ಯುವಕ.

"ನಾನು ನರಸಿಂಹಪ್ಪ, ಕೆಲಮಂಗಲ. ಇವ್ನು ನನ್ ಮಗ ಬಾಲಾಜಿ. ಇವ್ರವ್ವುಂಗೆ ಮಂಡಿ ನೋವು. ಹುಡುಗೀನ ಫೋನಲ್ಲೇ ತೋರ್ಸಿ ಅಂದವ್ಳೆ."

"ಯಾವ ಹುಡುಗಿ?" ಎಂದಳು ಆದಿಲಕ್ಷ್ಮಿ, ಪುಳಿಯೋಗರೆ ಡಬ್ಬಿಯ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ.

"ಯಜಮಾನ್ರು ಹೇಳಿಲ್ವಾ? ಭಾನುವಾರ ಮಗಳನ್ನ ನೋಡಕ್ಕೆ ಬನ್ನಿ ಅಂತ ಅವ್ರೇ ಕರುದ್ರಲ್ಲಮ್ಮ, ರೇಡಿಯೋದಾಗೆ."

ಆದಿಲಕ್ಷ್ಮಿ ಗಂಡನನ್ನು ನೋಡಿದಳು. ಮುನಿಯಲ್ಲಪ್ಪ ಬೀಗವನ್ನು ನೋಡಿದ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಪರೀಕ್ಷೆ ಬರೆದು ಹವ್ಯಾಸಿಗಳ ಹ್ಯಾಮ್ ರೇಡಿಯೊ ಲೈಸೆನ್ಸ್ ಪಡೆದಿದ್ದ ಅವನು, ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಆರಕ್ಕೆ ಈ ಕೆಲಮಂಗಲದವನ ಜೊತೆ, ಇಂಗ್ಲಿಷ್ ಅಕ್ಷರಗಳನ್ನು ಕೀ ಕುಟ್ಟಿ ಸದ್ದಿನಲ್ಲಿ ಕಳಿಸುವ ಮೋರ್ಸ್ ಸಂಕೇತದಲ್ಲಿ ಮಾತಾಡುತ್ತಿದ್ದ. ಲೈಸೆನ್ಸ್ ಪಟ್ಟಿಯಲ್ಲಿ ಒಬ್ಬರ ವಿಳಾಸ, ಫೋನ್ ನಂಬರ್ ಇನ್ನೊಬ್ಬರಿಗೆ ಸಿಕ್ಕಿತ್ತಾದರೂ ಮುಖ ಕಂಡದ್ದು ಇವತ್ತೇ. ನಿಮಿಷಕ್ಕೆ ಇಪ್ಪತ್ತೈದು ಪದ ಕುಟ್ಟುವ ತನ್ನ ಕೈಯ ಬಗ್ಗೆ ಅವನಿಗೆ ಬಲು ಹೆಮ್ಮೆ. ಆದರೆ ಕೈಗಿದ್ದ ಓಟ ಕಿವಿಗಿರಲಿಲ್ಲ. ಅದು ಎಂಟು ಪದಕ್ಕೇ ಸುಸ್ತಾಗುತ್ತಿತ್ತು. ಕರೆದವನ ವೇಗದಲ್ಲೇ ಉತ್ತರ ಕೊಡುವುದು ಈ ಹವ್ಯಾಸದ ಮರ್ಯಾದೆಯಾದ್ದರಿಂದ ಅತ್ತಲಿಂದ ನರಸಿಂಹಪ್ಪನೂ ಅಷ್ಟೇ ಓಟದಲ್ಲಿ ಕುಟ್ಟುತ್ತಿದ್ದ. ಸದ್ದು ಜೋರು ಮಾಡಿದರೆ ಅರ್ಥವಾದೀತೆಂದು ಮುನಿಯಲ್ಲಪ್ಪ ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಿದ್ದ. ಮಧ್ಯಾಹ್ನದವರೆಗೂ ಕಿವಿ ಗುಂಯ್‌ಗುಡುತ್ತಿತ್ತೇ ಹೊರತು ಬೇರೇನೂ ಆಗುತ್ತಿರಲಿಲ್ಲ. ಆದರೂ ಪ್ರತಿ ಸಲ 'ಪೂರ್ತಿ ಸಿಕ್ಕಿತು, ವೆರಿ ಗುಡ್' ಎಂದು ಕುಟ್ಟಿ ಮುಗಿಸುತ್ತಿದ್ದ. ಫೋನ್ ಮಾಡಿ ಕೇಳುವುದಂತೂ ಇಬ್ಬರಿಗೂ ಅವಮಾನ.

"ಹೌದೌದು, ಕರುದಿದ್ದೆ. ಬನ್ನಿ ಒಳೀಕೆ," ಎಂದು ಬೀಗ ತೆಗೆದ.

ಅಡುಗೆಮನೆಯಲ್ಲಿ ಆದಿಲಕ್ಷ್ಮಿ ದನಿ ತಗ್ಗಿಸಿ ಕೇಳಿದಳು: "ಮಗಳನ್ನ ಟಿಕಿಟಿಕಿ ಅಂತ ಕುಟ್ಟಿ ಕೊಟ್ಬುಟ್ರಾ?"

"ಕೊಟ್ಟಿಲ್ಲ ಕಣೆ. ಅವ್ರೇನೋ ಕೇಳವ್ರೆ, ನಾನು ಆಯ್ತು ಅಂದ್ಬುಟ್ಟಿವ್ನಿ."

"ಏನ್ ಕೇಳುದ್ರು?"

"ಅದೇ ಗೊತ್ತಿಲ್ಲ."

ಬಾಗಿಲಲ್ಲಿ ನಿಂತಿದ್ದ ಮಗಳು ಮಾಲಿನಿ ಇದನ್ನೆಲ್ಲ ಕೇಳಿಸಿಕೊಂಡಳು. ಅವಳದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ವಾಪಸ್ಸು ಕಳಿಸುವವಳು. ನೇರ ಹಜಾರಕ್ಕೆ ಹೋದಳು.

"ಅಂಕಲ್, ನಮ್ಮಪ್ಪ ಏನಂತ ಕರುದ್ರು? ಬರ್ಕೊಂಡಿದೀರಾ?"

ನರಸಿಂಹಪ್ಪ ಕೆಮ್ಮಿ, ಜೇಬಿನಿಂದ ಒಂದು ಚೀಟಿ ತೆಗೆದ. ಬಾಲಾಜಿ ಅದನ್ನು ಇಸಿದುಕೊಂಡು ಓದಿದ. ಇದ್ದದ್ದು ಎರಡೇ ಪದ: 'ಸಂಡೇ', 'ಡಾಟರ್'. ಮಿಕ್ಕಿದ್ದೆಲ್ಲ ಚುಕ್ಕಿ ಚುಕ್ಕಿ.

"ಅಪ್ಪ, ಮಿಕ್ಕಿದ್ದೆಲ್ಲಿ?"

"ಊಹೆ ಮಾಡ್ಕಂಡೆ ಕಣ್ಲಾ. ಎರಡು ತಿಂಗ್ಳಿಂದ ಅವ್ರು ನಂದು ಪೂರ್ತಿ ಸಿಕ್ತು ಅಂತಾರೆ. ನಂಗೊಬ್ಬಂಗೆ ಸಿಗ್ನಿಲ್ಲ ಅಂತ ಹೆಂಗನ್ನದು?"

ಮುನಿಯಲ್ಲಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಭಾನುವಾರ ಮಗಳ ಜೊತೆ ಕೃಷ್ಣಗಿರಿ ಡ್ಯಾಂಗೋಯ್ತಾ ಇದೀನಿ, ರೇಡಿಯೋಗೆ ಬರಕ್ಕಾಗಲ್ಲ ಅಂತ ಅಲ್ವಾ ನಾನು ಕುಟ್ಟಿದ್ದು," ಎಂದ. "ನಂಗೂ ನಿಮ್ದೇನೂ ಸಿಕ್ಕಿಲ್ಲ ನರಸಿಂಹಪ್ಪನೋರೆ," ಎಂದು ಸೇರಿಸಿದ.

"ನನ್ ಕಣ್ಣಿನ ಆಪರೇಷನ್ನು?"

"ಇಲ್ಲ."

"ನಮ್ಮತ್ತೆ ತೀರೋದ ಸುದ್ದಿ?"

"ಅಯ್ಯೋ. ಅವತ್ತು ನಾನೇನಂದೆ?"

"ವೆರಿ ಗುಡ್ ಅಂದ್ರಿ."

ಮೊದಲು ನಕ್ಕವನು ಬಾಲಾಜಿ. ಮಾಲಿನಿ ತಡೆದುಕೊಳ್ಳಲು ನೋಡಿ, ಆಗದೆ, ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಡ್ಯಾಂ ಪ್ರವಾಸ ಅಲ್ಲಿಗೆ ನಿಂತಿತು. ಪುಳಿಯೋಗರೆಯನ್ನು ಐವರೂ ಹಂಚಿಕೊಂಡರು. ಊಟದ ನಂತರ ಎಲ್ಲರೂ ರೇಡಿಯೊ ಮೇಜಿನ ಸುತ್ತ ನಿಂತಾಗ ಮಾಲಿನಿ ಸದ್ದಿನ ಗುಂಡಿಯನ್ನು ಕಾಲುಭಾಗಕ್ಕೆ ಇಳಿಸಿದಳು. ಬಾಲಾಜಿ ಅಕ್ಕಪಕ್ಕದ ಗದ್ದಲವನ್ನು ತಡೆಯುವ ಇನ್ನೊಂದು ಗುಂಡಿ ಒತ್ತಿದ. ಎಲ್ಲೋ ದೂರದಲ್ಲಿ ಯಾರದೋ ಒಂದೇ ಸ್ವರ, ತೆಳ್ಳಗೆ, ಬಿಡಿ ಬಿಡಿಯಾಗಿ ಉಳಿಯಿತು. ಮುನಿಯಲ್ಲಪ್ಪ ಉಸಿರು ಬಿಗಿಹಿಡಿದು ಆಲಿಸಿ, ಮೂರು ಅಕ್ಷರ ಗುರುತಿಸಿದ. ನಾಳೆಯಿಂದ ನಿಮಿಷಕ್ಕೆ ಎಂಟೇ ಪದ ಎಂದು ಹಿರಿಯರಿಬ್ಬರೂ ಒಪ್ಪಿಕೊಂಡರು. ಹೆಣ್ಣು ನೋಡುವ ಮಾತನ್ನು ಯಾರೂ ಎತ್ತಲಿಲ್ಲ. ಹಣ್ಣು, ಹೂವನ್ನು ವಾಪಸ್ಸು ಒಯ್ಯುವುದೋ ಬಿಡುವುದೋ ತಿಳಿಯದೆ ನರಸಿಂಹಪ್ಪ ಅವನ್ನು ಟೀಪಾಯಿಯ ಮೇಲೆಯೇ ಮರೆತವನಂತೆ ಹೋದ.

ಸೋಮವಾರ ಬೆಳಿಗ್ಗೆ ಆರಕ್ಕೆ ನರಸಿಂಹಪ್ಪನ ಕೈ, ಹೊಸದಾಗಿ ನಡೆಯಲು ಕಲಿತ ಮಗುವಿನ ಹೆಜ್ಜೆಯಂತೆ ಒಂದೊಂದೇ ಅಕ್ಷರ ಇಡುತ್ತ ಬಂತು. ಮುನಿಯಲ್ಲಪ್ಪ ಒಂದನ್ನೂ ಬಿಡದೆ ಬರೆದುಕೊಂಡ. ಮುಗಿದ ಮೇಲೆ ಓದಿದ. 'ನಮ್ಮ ಬಾಲಾಜಿಗೆ ನಿಮ್ಮ ಮಾಲಿನಿಯನ್ನು ಕೇಳಬಹುದೇ?'

ಕೀ ಮೇಲಿದ್ದ ಕೈ ಅಲ್ಲೇ ನಿಂತಿತು. ಹೆಡ್‌ಫೋನ್ ತೆಗೆದು ಮಗಳನ್ನು ಕೂಗಿದ. ಕೆಲಸಕ್ಕೆ ಹೊರಟಿದ್ದ ಮಾಲಿನಿ ಕಾಫಿ ಲೋಟ ಹಿಡಿದೇ ಬಂದು ಹಾಳೆಯನ್ನು ನೋಡಿದಳು.

"ಏನಂತ ಹೇಳ್ಲಮ್ಮ?"

ಅವಳು ಕುರ್ಚಿ ಎಳೆದುಕೊಂಡು ಕೂತು, ಹೆಡ್‌ಫೋನನ್ನು ತನ್ನ ಕಿವಿಗೆ ಹಾಕಿಕೊಂಡಳು.

"ಇನ್ನೊಂದ್ಸಲ ಕಳ್ಸಕ್ಕೇಳಪ್ಪ," ಎಂದಳು. "ಇನ್ನೂ ನಿಧಾನಕ್ಕೆ."