ಒಂಬತ್ತನೇ ಕಟ್ಟಡದ ಟಿವಿ

"ಡಿವಿಡಿ ಪೆಟ್ಟಿಗೆ ಟಿವಿ ಹಿಂದೆ ಇರಲಿ. ವೈರು ಕಾಣಬಾರದು. ಮೇಲೊಂದು ಬಟ್ಟೆ ಮುಚ್ಚು, ಬಟ್ಟೆ ಮೇಲೊಂದು ಹೂಕುಂಡ ಇಡು."

ಕುವಾಂಗ್ ಷಿಪಿಂಗ್ ಇದನ್ನು ಮೂರನೇ ಸಲ ಹೇಳುತ್ತಿದ್ದ. ಚೀನಾದ ಹುನಾನ್ ಪ್ರಾಂತ್ಯದ ಒಂದು ವಿಶ್ವವಿದ್ಯಾಲಯದ ಟಿವಿ ಕೇಂದ್ರಕ್ಕೆ ಅವನೇ ಮುಖ್ಯಸ್ಥ. ಎದುರಿಗೆ ನಿಂತಿದ್ದವಳು ಎಂಜಿನಿಯರ್ ಥಾನ್ ಯಾಛಿನ್. ಅವಳ ಬೂಟಿನ ಕೆಸರು ಅವನ ಹೊಸ ಜಮಖಾನೆಗೆ ಮೆತ್ತುತ್ತಿತ್ತು.

"ಸರ್, ಒಂಬತ್ತನೇ ಕಟ್ಟಡದ ಲೈನಿನ ವಿಷಯ..."

"ಮತ್ತದೇ ರಾಗ! ಆ ಲೈನು ನಿನಗೆ ಕನಸಲ್ಲೂ ಬರುತ್ತೇನಮ್ಮ? ಮೊದಲು ಕಾಲು ಒರೆಸಿಕೋ."

ಕ್ಯಾಂಪಸ್ಸಿನ ಹಳೆಯ ಕೇಬಲ್ ಜಾಲವನ್ನು ಕಿತ್ತು ಹೊಸದು ಹಾಕುವ ಕೆಲಸ ಒಂದು ವರ್ಷದಿಂದ ನಡೆದಿತ್ತು. ಹಾಸ್ಟೆಲುಗಳು, ಅಧ್ಯಾಪಕರ ಮನೆಗಳು, ಕುಲಪತಿಗಳ ಬಂಗಲೆ, ಎಲ್ಲ ಕಡೆಯೂ ಈಗ ಚಿತ್ರ ಕನ್ನಡಿಯಷ್ಟು ಸ್ವಚ್ಛ. ಉಳಿದದ್ದು ತಾವರೆಕೊಳದಾಚೆಯ ಒಂಬತ್ತನೇ ಕಟ್ಟಡ. ಅಲ್ಲಿದ್ದವರು ನಿವೃತ್ತ ಪ್ರಾಧ್ಯಾಪಕರು. ಕೊಳದಡಿಯ ಕೊಳವೆಯಲ್ಲಿ ಕೆಸರು ತುಂಬಿ ಕೇಬಲ್ಲು ಹೋಗಲು ದಾರಿಯೇ ಇರಲಿಲ್ಲ. ಮುದುಕರು ಹನ್ನೊಂದು ಅರ್ಜಿ ಬರೆದರು. ಹನ್ನೊಂದಕ್ಕೂ ಕುವಾಂಗ್ 'ಕ್ರಮ ಕೈಗೊಳ್ಳಲಾಗುತ್ತಿದೆ' ಎಂದು ಉತ್ತರಿಸಿದ. ಆಮೇಲೆ 'ಕೆಲಸ ಪೂರ್ಣ' ಎಂದು ಪ್ರಾಂತ್ಯದ ಇಲಾಖೆಗೆ ವರದಿ ಕಳಿಸಿದ. ಉಪಕುಲಪತಿಯ ಕುರ್ಚಿ ಖಾಲಿ ಬಿದ್ದಿತ್ತು. ಕೆಲಸ ಅರ್ಧಕ್ಕೆ ನಿಲ್ಲಿಸಿದವನನ್ನು ಅದರ ಮೇಲೆ ಯಾರು ಕೂರಿಸುತ್ತಾರೆ?

ಈಗ ಇಲಾಖೆಯ ತಪಾಸಣಾ ತಂಡ ಬರುವುದಿತ್ತು. ತಂಡದ ಹಿರಿಯ ಅಧಿಕಾರಿ ಫಾನ್, ತಾನು ಒಂಬತ್ತನೇ ಕಟ್ಟಡದಲ್ಲೇ ಕೂತು ನೇರ ಪ್ರಸಾರ ನೋಡುವುದಾಗಿ ತಿಳಿಸಿದ್ದ.

ಕುವಾಂಗ್ ಎದೆಗುಂದುವ ಪೈಕಿಯವನಲ್ಲ. ತನ್ನ ಸ್ವಾಗತ ಭಾಷಣವನ್ನು ಮೊದಲೇ ಚಿತ್ರೀಕರಿಸಿ ಡಿಸ್ಕಿಗೆ ಹತ್ತಿಸಿದ; ಫಾನ್ ಮುಂದೆ ಅದನ್ನೇ ನೇರ ಪ್ರಸಾರವೆಂದು ಓಡಿಸುವುದು. ನೇರ ಪ್ರಸಾರದಲ್ಲಿರುವ ಮನುಷ್ಯ ಟಿವಿ ಪಕ್ಕದಲ್ಲೇ ಕೈಕಟ್ಟಿ ನಿಂತರೆ ಆಗುತ್ತದೆಯೇ? ಆದ್ದರಿಂದ ಅದೇ ಅಂಗಿ, ಅದೇ ಟೈ ತೊಟ್ಟು ತಾನು ಸ್ಟುಡಿಯೋದಲ್ಲೇ ಇರಬೇಕು. ಯಾರಾದರೂ ಇಣುಕಿದರೂ ಅನುಮಾನ ಬರದಂತೆ ದೀಪ, ಕ್ಯಾಮೆರಾ, ಮೈಕು ಎಲ್ಲ ಚಾಲೂ ಇರಬೇಕು. ಉಳಿದ ಕಟ್ಟಡಗಳಿಗೆ ಆ ಹೊತ್ತಿನಲ್ಲಿ ಬೀಜಿಂಗಿನ ವಾರ್ತೆ ಹೋಗುತ್ತಿರುತ್ತದೆ.

"ಸರ್, ಡಿಸ್ಕಿನ ಅಗತ್ಯವೇ..."

"ಅಗತ್ಯ ಯಾವುದು ಅಂತ ತೀರ್ಮಾನಿಸೋಕೆ ನಾನಿದ್ದೀನಿ. ನಿನ್ನ ಬಾಯಿಗೆ ಸ್ವಲ್ಪ ರಜೆ ಕೊಡು."

ಥಾನ್ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡಳು. "ಆಯ್ತು ಸರ್," ಎಂದಳು.

ಮರುದಿನ ಬೆಳಿಗ್ಗೆ ಹತ್ತೂವರೆ. ಸ್ಟುಡಿಯೋದ ದೀಪಗಳ ಕೆಳಗೆ ಕುವಾಂಗ್ ಟೈ ಸಡಿಲಿಸಿ, ಬೂಟು ಕಳಚಿ, ಮೇಜಿನ ಮೇಲೆ ಕಾಲು ಚಾಚಿದ್ದ. ಪಕ್ಕದಲ್ಲಿ ಅವನ ಬಾಲದಂತಿದ್ದ ಉಪಮುಖ್ಯಸ್ಥ ಲೂ. ಇಬ್ಬರೂ ಕಲ್ಲಂಗಡಿ ಬೀಜ ಸುಲಿದು ತಿನ್ನುತ್ತಿದ್ದರು.

"ಆ ಮೇಷ್ಟ್ರುಗಳು ಏನಾದ್ರೂ ಬಾಯಿ ಬಿಟ್ರೆ ಅಣ್ಣ?" ಲೂ ಕೇಳಿದ.

"ಸ್ಮಶಾನದ ಬಾಗಿಲಲ್ಲಿ ನಿಂತವರಿಗೆ ಬಣ್ಣದ ಚಿತ್ರ ಬೇಕಂತೆ! ಇನ್ನೆರಡು ಚಳಿಗಾಲ ತಳ್ಳಿದ್ರೆ ಸಾಕು, ಅರ್ಜಿ ಬರೆಯೋಕೆ ಒಬ್ಬರೂ ಉಳಿಯಲ್ಲ."

"ಫಾನ್ ಸಾಹೇಬರು ಭಾರಿ ಚುರುಕಂತೆ?"

"ಆ ಕುಂಬಳಕಾಯಿ ತಲೆಯವನಾ? ಕೇಬಲ್ಲು ಯಾವುದು, ನೂಡಲ್ಸು ಯಾವುದು ಅಂತ ಗೊತ್ತಿಲ್ಲ ಅವನಿಗೆ. ಡಿಸ್ಕು ಹಾಕಿದ್ರೆ ಡಿಸ್ಕು ನೋಡ್ತಾನೆ, ಬಾತುಕೋಳಿ ಬಡಿಸಿದ್ರೆ ಸಹಿ ಹಾಕ್ತಾನೆ."

ಅಷ್ಟಕ್ಕೇ ಬಿಡಲಿಲ್ಲ. ಕುವಾಂಗ್ ಎದ್ದು, ಹೊಟ್ಟೆ ಮುಂದೆ ಮಾಡಿ, ಕೈ ಹಿಂದೆ ಕಟ್ಟಿ, ಫಾನ್ ನಡೆಯುವಂತೆಯೇ ಓಲಾಡುತ್ತ ಕ್ಯಾಮೆರಾದ ಮುಂದೆ ಎರಡು ಸುತ್ತು ಹಾಕಿದ. ಲೂ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡ.

ಉಸಿರು ತಹಬಂದಿಗೆ ಬಂದ ಮೇಲೆ ಕುವಾಂಗ್ ಒಂಬತ್ತನೇ ಕಟ್ಟಡದಲ್ಲಿದ್ದ ಥಾನ್‌ಗೆ ಫೋನು ಮಾಡಿದ.

"ಹೇಗೆ ಬರ್ತಿದೆ?"

"ತುಂಬಾ ಚೆನ್ನಾಗಿ ಬರ್ತಿದೆ ಸರ್. ಒಂದೊಂದು ಮಾತೂ ಸ್ಪಷ್ಟ."

"ಫಾನ್ ಏನಂತಾನೆ?"

"ಮಾತಾಡ್ತಿಲ್ಲ. ಕಣ್ಣು ಮಿಟುಕಿಸದೆ ನೋಡ್ತಿದ್ದಾರೆ."

"ಮುದುಕರು?"

"ಎಲ್ಲ ಮಹಡಿಯವರೂ ಬಂದು ಕೂತಿದ್ದಾರೆ ಸರ್. ಯಾರಿಗೂ ಎದ್ದು ಹೋಗೋ ಮನಸ್ಸಿಲ್ಲ."

ಅವಳ ಹಿಂದಿನಿಂದ ದೊಡ್ಡ ನಗು ಕೇಳಿಸಿತು.

"ಯಾಕೆ ನಗ್ತಿದ್ದಾರೆ?"

"ನಿಮ್ಮ ಮಾತಿಗೆ ಸರ್."

ಭಾಷಣದ ನಡುವೆ ತಾನು ತುರುಕಿದ್ದ ಚಟಾಕಿ ಕುವಾಂಗ್‌ಗೆ ನೆನಪಾಯಿತು. ಅದು ಇಷ್ಟು ಚೆನ್ನಾಗಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಉಪಕುಲಪತಿಯಾದ ಮೇಲೆ ಪ್ರತಿ ಭಾಷಣದಲ್ಲೂ ಒಂದೊಂದು ಹಾಕಬೇಕೆಂದುಕೊಂಡ.

"ನೋಡಿದೆಯಾ? ನೀನು ಸುಮ್ಮನೆ ಲೈನು ಲೈನು ಅಂತ ಒದ್ದಾಡ್ತಿದ್ದೆ. ಅವರು ಎದ್ದ ತಕ್ಷಣ ಡಿಸ್ಕು ತೆಗೆದು ಚೀಲಕ್ಕೆ ಹಾಕ್ಕೋ, ಯಾರ ಕಣ್ಣಿಗೂ ಬೀಳಬಾರದು."

ಆ ಕಡೆಯ ನಗು ಗಕ್ಕನೆ ನಿಂತಿತು.

"ಡಿಸ್ಕು ಹಾಕೇ ಇಲ್ಲ ಸರ್," ಎಂದಳು ಥಾನ್. "ಮೊನ್ನೆ ಮೇಷ್ಟ್ರುಗಳೆಲ್ಲ ನಮ್ಮ ಜೊತೆ ಕೊಳಕ್ಕಿಳಿದು ಕೊಳವೆಯ ಕೆಸರು ತೆಗೆದರು. ನೀವು ವರದಿಯಲ್ಲಿ ಬರೆದದ್ದು ಈಗ ನಿಜ. ಲೈನು ಬಂದಿದೆ."

"ಏನು... ಏನು ಹಾಗಂದ್ರೆ?"

"ಹತ್ತೂವರೆಯಿಂದ ನೀವು ನೇರ ಪ್ರಸಾರದಲ್ಲೇ ಇದ್ದೀರಿ ಸರ್."