ಕೈಕೊಟ್ಟ ಪಿಸ್ತೂಲು

ಹೊಸ ಪಿಸ್ತೂಲಿಗೆ ಕುಂಕುಮ ಇಡಲು ಹೋದ ತಾರಿಣಿಯ ಬೆರಳು ಅರ್ಧದಲ್ಲೇ ನಿಂತಿತು. ಅಮೆರಿಕದ ಎಡಿಸನ್ ಊರಿನ ಮನೆಯ ಗ್ಯಾರೇಜಿನಲ್ಲಿ ಆಯುಧಪೂಜೆ. ಕಾರಿಗೆ, ಲ್ಯಾಪ್‌ಟಾಪಿಗೆ ಆಗಲೇ ಹೂ ಏರಿಸಿಯಾಗಿತ್ತು. ಅವಳ ಹಿಂದೆ ನಿಂತು ಗಂಡ ಬದರೀನಾಥ ಗೆಳೆಯನಿಗೆ ಕಥೆ ಹೇಳುತ್ತಿದ್ದ.

“ಹಳೇದು ಚೀಪ್ ಮಾಲು ಕಣೋ ಸುಬ್ಬು. ರಿವ್ಯೂನಲ್ಲಿ ಎಲ್ಲರೂ ಬೈದಿದ್ರು, ನಾನೇ ಕೇಳ್ಲಿಲ್ಲ. ಹಿಂಬಾಗಿಲು ತೆಗೆದ ಸದ್ದಾಯ್ತು, ಕಳ್ಳ ಅಂತ ಟ್ರಿಗರ್ ಒತ್ತಿದ್ರೆ ಜಾಮ್! ಇದು ಹಾಗಲ್ಲ, ಯಾವತ್ತೂ ಕೈಕೊಡಲ್ಲ.”

“ಕಳ್ಳ ಸಿಕ್ಕಿದ್ನಾ?”

“ಕಳ್ಳ ಎಲ್ಲಿಂದ ಬಂದ!” ಬದರೀನಾಥ ನಕ್ಕ. “ಇವಳೇ ಆಫೀಸಿಂದ ಬೇಗ ಬಂದಿದ್ಲು.”

ಸುಬ್ಬು ನಗಲಿಲ್ಲ. ತಾರಿಣಿ ಎದ್ದು, ಅಂಗಡಿಗೆ ವಾಪಸು ಕೊಡಲೆಂದು ಡಬ್ಬಿಯಲ್ಲಿಟ್ಟಿದ್ದ ಹಳೆಯ ಪಿಸ್ತೂಲನ್ನು ತಂದು ಮಣೆಯ ಮೇಲಿಟ್ಟಳು. ಹೊಸದನ್ನು ಪಕ್ಕಕ್ಕೆ ಸರಿಸಿ, ಹಳೆಯದಕ್ಕೆ ಗಂಧ ಹಚ್ಚಿ, ಕುಂಕುಮವಿಟ್ಟು, ಉಳಿದಿದ್ದ ಸೇವಂತಿಗೆಯನ್ನೆಲ್ಲ ಏರಿಸಿದಳು.

“ಕೆಲಸಕ್ಕೆ ಬಾರದ್ದಕ್ಕೆ ಯಾಕೆ ಪೂಜೆ?” ಗಂಡ ರೇಗಿದ.

ತಾರಿಣಿ ಕೈ ಮುಗಿದಳು. “ಈ ಮನೇಲಿ ನನ್ನ ಜೀವ ಉಳಿಸಿದ್ದು ಇದೊಂದೇ, ರೀ.”